ಫ್ಲೈವೀಲ್ ಹತ್ತಿರ ಆಯಿಲ್ ಲೀಕ್: ಒರೆಸುವ ಮುಂಚೆ ಒಮ್ಮೆ ನೋಡಿ

ನನ್ನ 1994ರ ಮಾಜ್ದಾ ಮಿಯಾಟಾ ಕೆಳಗೆ ಒಂದು ರಟ್ಟು ಹಾಸಿದ್ದೆ. ದಿನಾ ಬೆಳಿಗ್ಗೆ ಅದರ ಮೇಲೆ ಒಂದೇ ಜಾಗದಲ್ಲಿ ಆಯಿಲ್ ಕಲೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಕಡೆ, ಬೆಲ್‌ಹೌಸಿಂಗ್‌ನ (ಕ್ಲಚ್ ಮುಚ್ಚುವ ಗಂಟೆಯಾಕಾರದ ಕವಚ) ಕೆಳಗಿನ ಅಂಚಿನಿಂದ ತೊಟ್ಟಿಕ್ಕುತ್ತಿತ್ತು. ಯಾರನ್ನು ಕೇಳಿದರೂ ಒಂದೇ ಮಾತು, ರಿಯರ್ ಮೇನ್ ಸೀಲ್, ಅಂದರೆ ಎಂಜಿನ್‌ನ ಹಿಂದಿನ ತುದಿಯಲ್ಲಿ ಆಯಿಲ್ ತಡೆಯುವ ರಬ್ಬರ್ ಬಳೆ, ಹೋಗಿದೆ ಅಂತ. ಅದನ್ನು ಬದಲಿಸೋಕೆ ಇಡೀ ಗೇರ್‌ಬಾಕ್ಸ್ ಇಳಿಸಬೇಕು. ಹಾಗಾಗಿ ಸುಮ್ನೆ ಯಾರೋ ಹೇಳಿದರು ಅಂತ ಕೈ ಹಾಕೋಕೆ ನನಗೆ ಮನಸ್ಸಿರಲಿಲ್ಲ.

ಮೊದಲು, ಬೀಳ್ತಿರೋದು ಏನು ಅಂತ ಗೊತ್ತಾಗಬೇಕು ಅಲ್ವಾ? ಗೇರ್ ಆಯಿಲ್ ಆದರೆ ಮೂಗಿಗೆ ಗಂಧಕದ ವಾಸನೆ ಹೊಡೆಯುತ್ತದೆ. ಬ್ರೇಕ್ ಆಯಿಲ್ (ಕ್ಲಚ್ ಒತ್ತೋಕೂ ಅದೇ ಇರುತ್ತದೆ) ಆದರೆ ಒಂದು ಲೋಟ ನೀರಿಗೆ ಎರಡು ಹನಿ ಹಾಕಿ, ಕರಗಿಹೋಗುತ್ತದೆ. ಎಂಜಿನ್ ಆಯಿಲ್ ತೇಲುತ್ತದೆ. ನಮ್ಮದರಲ್ಲಿ ಗಂಧಕದ ವಾಸನೆ ಇರಲಿಲ್ಲ, ನೀರಲ್ಲಿ ತೇಲಿತು. ಹಾಗಾಗಿ ಕ್ಲಚ್ ಸ್ಲೇವ್ ಸಿಲಿಂಡರ್ ಮತ್ತು ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟ್ ಸೀಲ್ ಎರಡನ್ನೂ ಪಟ್ಟಿಯಿಂದ ತೆಗೆದೆ.

ಈ ಕಾರಿನಲ್ಲಿ ಇನ್ನೊಂದು ವಿಷಯ ಇದೆ. ಸಿಲಿಂಡರ್ ಹೆಡ್‌ನ ಹಿಂಭಾಗದಲ್ಲಿ ಕ್ಯಾಮ್ ಆಂಗಲ್ ಸೆನ್ಸರ್ ಕೂತಿರುತ್ತದೆ. ಅದರ ಓ-ರಿಂಗ್ (ರಬ್ಬರ್ ಉಂಗುರ) ವಯಸ್ಸಾಗಿ ಗಟ್ಟಿಯಾದರೆ ಆಯಿಲ್ ಅಲ್ಲಿಂದ ಎಂಜಿನ್‌ನ ಬೆನ್ನ ಮೇಲೆ ಇಳಿದು, ಬೆಲ್‌ಹೌಸಿಂಗ್ ಸುತ್ತಿ, ಸೀಲ್ ಲೀಕ್ ಆದಾಗ ಎಲ್ಲಿ ಬೀಳುತ್ತೋ ಸರಿಯಾಗಿ ಅಲ್ಲೇ ಬೀಳುತ್ತದೆ. ಗೇರ್‌ಬಾಕ್ಸ್ ಇಳಿಸಿ, ಸೀಲ್ ಹಾಕಿ, ಆಮೇಲೂ ಲೀಕ್ ನಿಲ್ಲದೆ ಒದ್ದಾಡಿದವರು ಎಷ್ಟೋ ಜನ ಇದ್ದಾರೆ. ಮಿಯಾಟಾ ಇಟ್ಟುಕೊಂಡವರು ದಯವಿಟ್ಟು ಮೊದಲು ಅದನ್ನು ನೋಡಿ. ನಾನು ಆ ರಿಂಗ್ ಬದಲಿಸಿ, ಬ್ರೇಕ್ ಕ್ಲೀನರ್‌ನಿಂದ ಎಲ್ಲಾ ತೊಳೆದು ಒಂದು ವಾರ ಓಡಿಸಿದೆ. ಮೇಲೆಲ್ಲಾ ಒಣಗಿತ್ತು. ಕೆಳಗೆ ಮತ್ತೆ ಒದ್ದೆ.

ಅಷ್ಟರಲ್ಲಿ ಕ್ಲಚ್ಚೂ ಜಾರೋಕೆ ಶುರುವಾಯಿತು. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಹೋಸೆಯಿಂದ ಸಾಂಟಾ ಕ್ರೂಜ್‌ಗೆ ಹೋಗುವ ಹೈವೇ 17ರ ಏರಿನಲ್ಲಿ, ನಾಲ್ಕನೇ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ ಮುಳ್ಳು ಮೇಲೆ ಹೋಗ್ತಿತ್ತು, ಸ್ಪೀಡ್ ಮಾತ್ರ ಇದ್ದಲ್ಲೇ ಇರ್ತಿತ್ತು. ಅಂದರೆ ಆಯಿಲ್ ಕ್ಲಚ್ ಪ್ಲೇಟ್‌ಗೆ ಮುಟ್ಟಿದೆ. ಇನ್ನು ಬಿಚ್ಚದೆ ದಾರಿ ಇರಲಿಲ್ಲ.

ಭಾವ ಬಂದರು. ಒಂದಿಡೀ ಶನಿವಾರ ಹಿಡಿಯಿತು. ಗೇರ್‌ಬಾಕ್ಸ್‌ನಿಂದ ಹಿಂದಿನ ಡಿಫರೆನ್ಷಿಯಲ್‌ವರೆಗೆ ಒಂದು ಉದ್ದದ ಅಲ್ಯೂಮಿನಿಯಂ ಫ್ರೇಮ್ ಇದೆ, ಅದನ್ನು ಬಿಚ್ಚೋದೇ ದೊಡ್ಡ ಕೆಲಸ. ಕೊನೆಗೆ ಪ್ರೆಷರ್ ಪ್ಲೇಟ್, ಕ್ಲಚ್ ಪ್ಲೇಟ್ ಎರಡೂ ಕೈಗೆ ಬಂದವು. ಭಾವ ಬಟ್ಟೆ ತಗೊಂಡು ಫ್ಲೈವೀಲ್ (ಕ್ಲಚ್ ಒತ್ತಿಕೊಳ್ಳುವ, ಎಂಜಿನ್ ಜೊತೆ ತಿರುಗುವ ಭಾರದ ಚಕ್ರ) ಕಡೆ ಕೈ ಚಾಚಿದರು.

"ತಡೀರಿ ಭಾವ, ಒರೆಸ್ಬೇಡಿ."

"ಇನ್ನೇನೋ ನೋಡೋದು? ಸೀಲೇ ಕಣೋ ಅದು."

ಟಾರ್ಚ್ ಹಿಡಿದು ಇಬ್ಬರೂ ನೋಡಿದೆವು. ಫ್ಲೈವೀಲನ್ನು ಕ್ರ್ಯಾಂಕ್‌ಶಾಫ್ಟ್‌ಗೆ, ಅಂದರೆ ಎಂಜಿನ್ ತಿರುಗಿಸುವ ಮುಖ್ಯ ದಂಡಕ್ಕೆ, ಹಿಡಿದಿಡೋದು ಆರು ಬೋಲ್ಟ್. ನಾಲ್ಕು ಬೋಲ್ಟ್‌ಗಳ ತಲೆಯ ಬುಡದಿಂದ ಕಪ್ಪು ಗೆರೆಗಳು ಹೊರಟು, ಸೂರ್ಯನ ಕಿರಣದ ಥರ, ಅಂಚಿನ ಕಡೆಗೆ ಚಾಚಿಕೊಂಡಿದ್ದವು. ಉಳಿದ ಎರಡರ ಸುತ್ತ ಒಣ ಧೂಳು ಅಷ್ಟೇ. ಸೀಲ್ ಲೀಕ್ ಆಗಿದ್ದರೆ ಮೊದಲು ಒದ್ದೆಯಾಗಬೇಕಾದ್ದು ಫ್ಲೈವೀಲ್‌ನ ಹಿಂದುಗಡೆ, ಅಂದರೆ ಎಂಜಿನ್ ಕಡೆಯ ಮುಖ. ಫ್ಲೈವೀಲ್ ಬಿಚ್ಚಿ ಸೀಲ್ ಸುತ್ತ ಬೆರಳಾಡಿಸಿದೆ. ಬೆರಳಿಗೆ ಏನೂ ಅಂಟಲಿಲ್ಲ.

ಕಾರಣ ಸರಳ. ಈ ಎಂಜಿನ್‌ನಲ್ಲಿ ಆ ಬೋಲ್ಟ್‌ಗಳ ತೂತು ಕುರುಡು ತೂತಲ್ಲ. ಒಳಗೆ ಆಯಿಲ್ ಇರುವ ಕ್ರ್ಯಾಂಕ್‌ಕೇಸ್‌ವರೆಗೂ ತೆರೆದಿರುತ್ತದೆ. ಬೋಲ್ಟ್‌ನ ಮರೆಗೆ (ಥ್ರೆಡ್‌ಗೆ) ಸೀಲಂಟ್, ಅಂದರೆ ಸಂದು ಮುಚ್ಚುವ ಅಂಟು, ಹಚ್ಚದೆ ಬಿಗಿ ಮಾಡಿದರೆ, ಬೋಲ್ಟ್ ಎಷ್ಟೇ ಟೈಟ್ ಇದ್ದರೂ ಆಯಿಲ್ ಮರೆಯ ಸುರುಳಿ ಹಿಡಿದು ನಿಧಾನಕ್ಕೆ ಹೊರಗೆ ಬರುತ್ತದೆ. ಬಂದದ್ದನ್ನು ತಿರುಗುವ ಫ್ಲೈವೀಲ್ ಅಂಚಿಗೆ ಎಸೆಯುತ್ತದೆ, ದಾರಿಯಲ್ಲಿ ಸಿಗೋದೇ ಕ್ಲಚ್ ಪ್ಲೇಟ್. ಎರಡು ವರ್ಷದ ಹಿಂದೆ ಒಂದು ಗ್ಯಾರೇಜ್‌ನಲ್ಲಿ ಕ್ಲಚ್ ಹಾಕಿಸಿದ್ದೆ. ಈ ನಾಲ್ಕು ಬೋಲ್ಟ್‌ಗಳ ಮರೆಯಲ್ಲಿ ಸೀಲಂಟ್‌ನ ಗುರುತೇ ಇರಲಿಲ್ಲ. ನಿಜವಾಗಿ ಬೇಜಾರಾಯಿತು. ಐದು ನಿಮಿಷದ ಕೆಲಸ ಅದು.

ಬೋಲ್ಟ್‌ಗಳನ್ನು ಹಿತ್ತಾಳೆ ಬ್ರಷ್‌ನಲ್ಲಿ ಉಜ್ಜಿ, ತೂತುಗಳನ್ನೂ ಜಿಡ್ಡಿಲ್ಲದ ಹಾಗೆ ಒಣಗಿಸಿ, ಸೀಲಂಟ್ ಹಚ್ಚಿ, ಎದುರು ಬದುರಾಗಿ ಸುಮಾರು 100 ನ್ಯೂಟನ್ ಮೀಟರ್ ಟಾರ್ಕ್‌ಗೆ ಬಿಗಿ ಮಾಡಿದೆವು. ಆಯಿಲ್ ಕುಡಿದ ಪ್ಲೇಟನ್ನು ತೊಳೆದು ಮತ್ತೆ ಹಾಕೋಕೆ ಹೋಗಬೇಡಿ, ಹೊಸದೇ ಹಾಕಿ. ಸೀಲ್ ಚೆನ್ನಾಗಿದ್ದರೂ ಬದಲಿಸಿದೆ, ಅದಕ್ಕೋಸ್ಕರ ಇನ್ನೊಮ್ಮೆ ಗೇರ್‌ಬಾಕ್ಸ್ ಇಳಿಸೋಕೆ ನನ್ನ ಕೈಲಾಗಲ್ಲ. ಎಂಜಿನ್ ಒಳಗಿನ ಆವಿ ಹೊರಬಿಡುವ ಪಿಸಿವಿ ವಾಲ್ವ್ ಅಲ್ಲಾಡಿಸಿ ನೋಡಿದೆ, ಟಕಟಕ ಅಂತ ಸದ್ದು ಮಾಡಿತು, ಅಂದರೆ ಕಟ್ಟಿಕೊಂಡಿಲ್ಲ. ಅದು ಕಟ್ಟಿಕೊಂಡರೆ ಎಂಜಿನ್ ಒಳಗಿನ ಒತ್ತಡವೇ ಆಯಿಲನ್ನು ಹೊರಗೆ ತಳ್ಳುತ್ತದೆ.

ಮಿಯಾಟಾದ್ದು ಒಂದೇ ತುಂಡಿನ ಫ್ಲೈವೀಲ್. ನಿಮ್ಮ ಕಾರಿನಲ್ಲಿ ಡ್ಯುಯಲ್ ಮಾಸ್, ಅಂದರೆ ಎರಡು ತುಂಡಿನದ್ದು, ಇದ್ದರೆ ಕಥೆ ಬೇರೆ. ಅದರೊಳಗೆ ಸ್ಪ್ರಿಂಗ್‌ಗಳ ಜೊತೆ ಗ್ರೀಸ್ ತುಂಬಿರುತ್ತದೆ, ಸೋರಿದರೆ ದಪ್ಪಗೆ, ಕಪ್ಪಗೆ, ಅಂಟಂಟಾಗಿ ಸಿಗುತ್ತದೆ. ಸ್ವಲ್ಪ ಜಿಡ್ಡು ಕಂಡರೆ ಗಾಬರಿ ಬೇಡ, ಜಾಸ್ತಿ ಹೊರಗೆ ಬಂದಿದ್ದರೆ ಫ್ಲೈವೀಲೇ ಬದಲಿಸಬೇಕು.

ಹೊಸ ರಟ್ಟು ಹಾಸಿ ಮೂರು ವಾರ ಆಯಿತು, ಇನ್ನೂ ಒಣಗೇ ಇದೆ. ಮೊನ್ನೆ ಭಾನುವಾರ ಭಾವನ್ನ ಪಕ್ಕದಲ್ಲಿ ಕೂರಿಸಿಕೊಂಡು ಹೈವೇ 17 ಹತ್ತಿದೆ. ನಾಲ್ಕನೇ ಗೇರ್, ಆಕ್ಸಿಲರೇಟರ್ ಪೂರ್ತಿ ಕೆಳಗೆ. ಮುಳ್ಳೂ ಸ್ಪೀಡೂ ಜೊತೆಜೊತೆಗೇ ಏರಿದವು.