ಪ್ಯಾರಮೀಸಿಯಂ ಹೊಟ್ಟೆಯ ಹುಳಿ: ಮೂರನೇ ವಾರ

ಕೊನೆಗೂ ಪ್ಯಾರಮೀಸಿಯಂ ಎಂಬ ಒಂದೇ ಕೋಶದ ಜೀವಿಯ ಹೊಟ್ಟೆಯಲ್ಲಿ ನೀಲಿ ಕಂಡಿತು! ಭಾನುವಾರ ಬೆಳಿಗ್ಗೆ, ಪುಣೆಯ ನಮ್ಮ ಮನೆಯ ಬಾಲ್ಕನಿಯಲ್ಲಿ. ಹೆಂಡತಿಯನ್ನು ಕೂಗಿದೆ. ಅವಳು ದೋಸೆ ಹಂಚು ಇಳಿಸಿ ಬಂದು ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. "ಆಗ ತೋರಿಸಿದಾಗ ಕೆಂಪಿತ್ತಲ್ರೀ!" ಅಂದಳು.

ಹಿಂದಿನ ಎರಡು ವಾರದ ಕಥೆ ಚಿಕ್ಕದು. ಪಾಷಾಣ್ ಕೆರೆಯ ನೀರಿಗೆ ಒಣಹುಲ್ಲು ಹಾಕಿಟ್ಟಿದ್ದೆ. ಒಂದು ಬಾಟಲಿ ಕೊಳೆತು ನಾರಿತು, ಚೆಲ್ಲಿದೆ. ಇನ್ನೊಂದರಲ್ಲಿ ಪ್ಯಾರಮೀಸಿಯಂ ತುಂಬಿಕೊಂಡವು.

ಅವಕ್ಕೆ ಊಟ ಬ್ರೆಡ್ಡಿನ ಯೀಸ್ಟ್. ಅದನ್ನು ಕಾಂಗೋ ರೆಡ್ ಬಣ್ಣದಲ್ಲಿ ಹತ್ತು ನಿಮಿಷ ಕುದಿಸಿದೆ. ಈ ಬಣ್ಣ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 5ಕ್ಕಿಂತ ಮೇಲೆ ಕೆಂಪು, 3ರ ಹತ್ತಿರ ಇಳಿದರೆ ನೀಲಿ. ಬಣ್ಣ ಮೈಗೆ ಒಳ್ಳೆಯದಲ್ಲ. ಕೈಗವಸು ಬೇಕೇ ಬೇಕು, ಪಾತ್ರೆಯೂ ಅಡುಗೆಮನೆಯದಾಗಬಾರದು. ಹೋದ ಸಲ ಜಾಸ್ತಿ ಹಾಕಿ ಸ್ಲೈಡೆಲ್ಲಾ ಕೆಂಪಾಗಿತ್ತು. ಈ ಸಲ ಕಡ್ಡಿಯ ತುದಿಗೆ ಅಂಟಿದಷ್ಟೇ ಹಾಕಿದೆ. ಪ್ಯಾರಮೀಸಿಯಂ ಓಡದಂತೆ ದೇವರ ದೀಪದ ಬತ್ತಿ ಬಿಡಿಸಿ ನಾಲ್ಕು ಎಳೆ ಹತ್ತಿ ಹರಡಿದೆ. ಒಂದು ಪ್ಯಾರಮೀಸಿಯಂ ಎಳೆಗಳ ಮಧ್ಯೆ ಸಿಕ್ಕಿಕೊಂಡು ನಿಂತಿತು.

ಬಾಯಿಯ ಬುಡದಲ್ಲಿ ಕೆಂಪು ಯೀಸ್ಟ್ ಗುಂಪಾಯಿತು. ಗುಳ್ಳೆಯೊಂದು ಉಬ್ಬಿ, ಕಳಚಿಕೊಂಡು ಒಳಗೆ ತೇಲಿತು. ಮೂರು ನಿಮಿಷಕ್ಕೆ ಗುಳ್ಳೆ ಕುಗ್ಗಿ ನೇರಳೆ. ಐದು ತುಂಬುವಷ್ಟರಲ್ಲಿ ನೀಲಿ, ನೇರಳೆಹಣ್ಣು ತಿಂದ ನಾಲಿಗೆಯ ಹಾಗೆ. ಕಾಲು ಗಂಟೆಯಾದ ಮೇಲೆ ಮತ್ತೆ ಕೆಂಪು! ಇದು ನನ್ನ ತಪ್ಪೇನೋ ಅಂದುಕೊಂಡಿದ್ದೆ. ಅಲ್ಲ. ಮೊದಲು ಹುಳಿ ಚೀಲಗಳು ಬಂದು ಗುಳ್ಳೆಗೆ ಸೇರುತ್ತವೆ. ಆಮೇಲೆ ಜೀರ್ಣರಸದ ಚೀಲಗಳಾದ ಲೈಸೋಸೋಮ್‌ಗಳು ಸೇರಿ ಕಿಣ್ವ ಸುರಿಯುತ್ತವೆ, ಹುಳಿ ಇಳಿಯುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು: ಈ ಹುಳಿ ಸುಮ್ನೆ ಆಗುವುದಿಲ್ಲ. ಹುಳಿ ಚೀಲದ ಪೊರೆಯಲ್ಲಿ ವಿ-ಎಟಿಪಿಏಸ್ ಎಂಬ ಪಂಪ್ ಇದೆ. ಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ, ಹುಳಿಗೆ ಕಾರಣವಾದ ಪ್ರೋಟಾನ್‌ಗಳನ್ನು ಒಳಗೆ ತಳ್ಳುತ್ತದೆ. ಆದರೆ ಪ್ರೋಟಾನ್ ಅಂದರೆ ಧನ ವಿದ್ಯುತ್ತು. ಒಳಗೆ ಅದೇ ತುಂಬಿದರೆ ಮುಂದಿನದನ್ನು ತಳ್ಳಲು ಪಂಪಿಗೆ ಆಗುವುದಿಲ್ಲ, ಅಲ್ವಾ? ಅದಕ್ಕೇ ಋಣ ವಿದ್ಯುತ್ತಿನ ಕ್ಲೋರೈಡ್ ಕೂಡ ಒಳಗೆ ಬರಬೇಕು, ಇಲ್ಲವೇ ಪೊಟ್ಯಾಸಿಯಂನಂಥದ್ದು ಹೊರಗೆ ಹೋಗಬೇಕು. ನಮ್ಮ ಜೀವಕೋಶದಲ್ಲೂ ಇದೇ ಪಂಪ್. ಲೈಸೋಸೋಮ್ ಒಳಗೆ ಪಿಎಚ್ ಸುಮಾರು 4.5, ಪೊರೆಯಾಚೆ 7.2. ಅಂದರೆ ಒಳಗೆ ಪ್ರೋಟಾನ್ ಸುಮಾರು 500 ಪಟ್ಟು ಜಾಸ್ತಿ. ನಡುವೆ ಇರುವುದು ಒಂದು ತೆಳು ಪೊರೆ ಮಾತ್ರ.

ಮುಂದಿನ ಭಾನುವಾರ ಒಂದು ಸ್ಲೈಡನ್ನು ಮಂಜುಗಡ್ಡೆಯ ತಟ್ಟೆಯ ಮೇಲಿಡುತ್ತೇನೆ, ಇನ್ನೊಂದನ್ನು ಹಾಗೇ. ಚಳಿಯಲ್ಲಿ ನೀಲಿ ತಡವಾಗುತ್ತದೆ ಎಂದು ನನ್ನ ಲೆಕ್ಕ. ಗಡಿಯಾರ ನೋಡಿ ಬರೆದುಕೊಳ್ಳುವ ಕೆಲಸ ಹೆಂಡತಿ ಒಪ್ಪಿದ್ದಾಳೆ.