ಲ್ಯಾಟಿನ್ ಬರದ ಕೌಂಟ್ ಮತ್ತು ನಮ್ಮ ಕರಟಕ ದಮನಕ

ಅಕ್ಕನ ಮಗ ಓದೋಕೆ ಅಂತ ಜರ್ಮನಿಯ ಟ್ಯೂಬಿಂಗೆನ್‌ಗೆ ಹೋಗಿ ಎಂಟು ತಿಂಗಳಾಯ್ತು. ಹೋದ ಹೊಸದ್ರಲ್ಲಿ ಒಂದಿನ ವಿಡಿಯೋ ಕಾಲ್ ಮಾಡಿ ಯೂನಿವರ್ಸಿಟಿ ಹೆಸರಿರೋ ಬಟ್ಟೆ ಬ್ಯಾಗ್ ತೋರಿಸ್ದ, ಅದ್ರ ಮೇಲೊಂದು ಮರದ ಗುರುತು. ಪಕ್ಕದಲ್ಲಿ ಕೂತಿದ್ದ ಅಕ್ಕ, "ಅಯ್ಯೋ ತೆಂಗಿನ ಮರ ಅಲ್ವೇನೋ ಇದು" ಅಂದ್ಲು. ತುಮಕೂರಿನವ್ರಿಗೆ ಇನ್ನೇನು ಕಾಣ್ಬೇಕು ಹೇಳಿ. "ಇಲ್ಲಮ್ಮ, ಖರ್ಜೂರದ ಜಾತಿ ಮರ. ಈ ಯೂನಿವರ್ಸಿಟಿ ಕಟ್ಸಿದ ಎಬರ್‌ಹಾರ್ಡ್ ಅನ್ನೋ ಕೌಂಟ್ ಜೆರುಸಲೇಮ್ ಯಾತ್ರೆ ಹೋಗ್ಬಂದು ಇಟ್ಕೊಂಡ ಲಾಂಛನ. ಮಾಮ, ನಿಂಗೆ ಹಳೇ ಕಥೆ ಅಂದ್ರೆ ಇಷ್ಟ ಅಲ್ವಾ, ಇವನ ಬಗ್ಗೆ ಓದು" ಅಂದ. ಅವತ್ತಿಂದ ಅಂಗಡಿಯಲ್ಲಿ ಕೆಲಸ ಕಮ್ಮಿ ಇದ್ದಾಗೆಲ್ಲ ಇದೇ ಓದ್ತಿದೀನಿ.

ಕೌಂಟ್ ಅಂದ್ರೆ ನಮ್ಮ ಮಧುಗಿರಿ ಪಾಳೇಗಾರರ ಥರ ಅನ್ಕೊಳ್ಳಿ, ಪೂರ್ತಿ ಹಂಗೇ ಅಲ್ಲ, ಆದ್ರೂ ಮೇಲೊಬ್ಬ ಚಕ್ರವರ್ತಿ, ಕೆಳಗೆ ತನ್ನದೊಂದು ಸೀಮೆ. ಎಬರ್‌ಹಾರ್ಡ್ ಹುಟ್ಟಿದ್ದು 1445ರಲ್ಲಿ, ಉರಾಖ್ ಅನ್ನೋ ಸಣ್ಣ ಊರಲ್ಲಿ. ಅವನು ಹುಟ್ಟೋಕೆ ಮೂರು ವರ್ಷ ಮುಂಚೆ, 1442ರಲ್ಲಿ, ಅವರಪ್ಪ ಲುಡ್ವಿಗ್ ಮತ್ತೆ ಚಿಕ್ಕಪ್ಪ ಉಲ್ರಿಖ್ ಇಬ್ರೂ ವ್ಯುರ್ಟೆಂಬರ್ಗ್ ಸೀಮೆನ ಪಾಲು ಮಾಡ್ಕೊಂಡಿದ್ರು, ಉರಾಖ್ ಕಡೆ ಇವರದ್ದು, ಸ್ಟುಟ್‌ಗಾರ್ಟ್ ಕಡೆ ಚಿಕ್ಕಪ್ಪಂದು. ಅಣ್ಣತಮ್ಮಂದಿರ ಪಾಲು ಅಂದ್ರೆ ಹೆಂಗಿರುತ್ತೆ ಅಂತ ನಮ್ಮೂರ ಕಡೆಯವ್ರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ.

ಹುಡುಗನಿಗೆ ಇನ್ನೂ ಐದು ತುಂಬಿಲ್ಲ, 1450ರಲ್ಲಿ ಅಪ್ಪ ತೀರ್ಕೊಂಡ. 1452ರಲ್ಲಿ ಅಮ್ಮ ಮೆಖ್ಟಿಲ್ಡ್ ಆಸ್ಟ್ರಿಯಾದ ಆಲ್ಬ್ರೆಖ್ಟ್‌ನ ಮದ್ವೆಯಾದ್ಲು, ಅವನು ಆಗಿನ ಚಕ್ರವರ್ತಿ ಮೂರನೇ ಫ್ರೆಡರಿಕ್‌ನ ತಮ್ಮ. ಅಣ್ಣ ಇನ್ನೊಬ್ಬ ಲುಡ್ವಿಗ್, ಅವನೂ 1457ರಲ್ಲಿ ಹೋಗ್ಬಿಟ್ಟ. ಉಳಿದವನು ಇವನೊಬ್ಬ. ಮೈನರ್ ಹುಡುಗನ ಆಸ್ತಿ ಚಿಕ್ಕಪ್ಪನ ಸುಪರ್ದಿಗೆ ಬಂತು. ಆಗ ಸೋದರಮಾವ, ಪಲಾಟಿನೇಟಿನ ದೊರೆ ಫ್ರೆಡರಿಕ್, ಬೆನ್ನಿಗೆ ನಿಂತ, 1459ರಲ್ಲಿ, ಹದ್ನಾಲ್ಕನೇ ವಯಸ್ಸಿಗೆ ಹುಡುಗ ತಾನೇ ಆಡಳಿತ ತಗೊಂಡ. ಮಾವಂದಿರು ಇರೋದೇ ಇಂಥ ಹೊತ್ತಿಗೆ, ಅಕ್ಕನ ಮಗನಿಗೆ ಇದನ್ನ ಎರಡು ಸಲ ಹೇಳಿದೀನಿ.

ನನ್ನ ಮನಸ್ಸಿಗೆ ಹತ್ತಿರ ಆದ ವಿಷ್ಯ ಬೇರೆ ಇದೆ. ಎಬರ್‌ಹಾರ್ಡ್‌ಗೆ ಲ್ಯಾಟಿನ್ ಬರ್ತಿರ್ಲಿಲ್ಲ. ಆಗಿನ ಕಾಲಕ್ಕೆ ಚರ್ಚು, ಕೋರ್ಟು, ಪಾಠ, ಪತ್ರ ಎಲ್ಲಾ ಲ್ಯಾಟಿನ್, ಅದು ಬರದೇ ಇದ್ರೆ ಓದಿದವ್ರ ಸಾಲಲ್ಲಿ ಕೂರೋ ಹಂಗೇ ಇಲ್ಲ. ನಾನು ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಮ್, ಪಿಯುಸಿಗೆ ಸೈನ್ಸ್ ತಗೊಂಡೆ, ಮೊದಲನೇ ತಿಂಗಳೇ ಒಬ್ರು ಲೆಕ್ಚರರ್ ನನ್ನ ನಿಲ್ಸಿ ಇಂಗ್ಲಿಷಲ್ಲಿ ಏನೋ ಕೇಳಿದ್ರು, ನನಗೆ ಉತ್ತರ ಗೊತ್ತಿತ್ತು, ಕನ್ನಡದಲ್ಲಿ ಗೊತ್ತಿತ್ತು, ಬಾಯಿ ಬರ್ಲಿಲ್ಲ, ಪೀರಿಯಡ್ ಮುಗಿಯೋವರೆಗೂ ನಿಂತೇ ಇದ್ದೆ. ಇವತ್ತಿಗೂ ಆ ಬೆಂಚಿನ ಅಂಚು ಬೆರಳಿಗೆ ತಾಕ್ದಂಗಾಗುತ್ತೆ. ಹಂಗಾಗಿ ಈ ಕೌಂಟ್ ಏನು ಮಾಡ್ದ ಅಂತ ಓದ್ದಾಗ ಅಂಗಡಿಯಲ್ಲಿ ಕೂತೇ ಕಣ್ಣು ತುಂಬ್ಕೊಂಡೆ.

ಅವನು ಪುಸ್ತಕಗಳನ್ನ ತನ್ನ ಭಾಷೆಗೆ ತರಿಸ್ಕೊಂಡ. ಬಲ್ಲವರನ್ನ ಕರ್ಸಿ, ಜರ್ಮನ್ ಭಾಷೆಗೆ ಮಾಡಿಸಿ, ಓದ್ದ. 1482ರಲ್ಲಿ ರೋಮ್‌ಗೆ ಪೋಪ್ ನೋಡೋಕೆ ಹೋಗುವಾಗ ಲ್ಯಾಟಿನ್ ಚೆನ್ನಾಗಿ ಬಲ್ಲ ರಾಯ್ಖ್ಲಿನ್ ಅನ್ನೋ ವಿದ್ವಾಂಸನ್ನ ಜೊತೆಗೆ ಕರ್ಕೊಂಡು ಹೋದ. ಅದಕ್ಕೂ ಮುಂಚೆ 1477ರಲ್ಲೇ ಟ್ಯೂಬಿಂಗೆನ್‌ನಲ್ಲಿ ಯೂನಿವರ್ಸಿಟಿ ಶುರು ಮಾಡಿದ್ದ, ಅದ್ರ ಮೊದಲನೇ ರೆಕ್ಟರ್, ಅಂದ್ರೆ ಮುಖ್ಯಸ್ಥ, ಆಗಿದ್ದು ಇವನಿಗೆ ಚಿಕ್ಕಂದಿನಲ್ಲಿ ಪಾಠ ಹೇಳ್ಕೊಟ್ಟ ಮೇಷ್ಟ್ರು ಯೋಹಾನೆಸ್ ವೆರ್ಗೆನ್‌ಹಾನ್ಸ್. ಲ್ಯಾಟಿನ್ ಬರದವನು ಲ್ಯಾಟಿನ್ ಓದೋರಿಗೆ ಊರನ್ನೇ ಬಿಟ್ಕೊಟ್ಟ! ಇದ್ರ ಹಿಂದೆ ಅಮ್ಮನೂ ಇದ್ಲು. ಮೆಖ್ಟಿಲ್ಡ್ ಬಹಳ ಓದ್ಕೊಂಡಿದ್ದ ಹೆಂಗಸು, ಎರಡನೇ ಗಂಡ ಫ್ರೈಬುರ್ಗ್‌ನಲ್ಲಿ ಯೂನಿವರ್ಸಿಟಿ ಮಾಡಿದಾಗಲೂ ಅವಳ ಪ್ರೇರಣೆ ಇತ್ತು ಅಂತಾರೆ. ಅವನೂ ತೀರ್ಕೊಂಡ ಮೇಲೆ ರಾಟೆನ್‌ಬುರ್ಗ್‌ನಲ್ಲಿ ತನ್ನದೇ ಆಸ್ಥಾನ ಇಟ್ಕೊಂಡು ಕವಿಗಳಿಗೆ, ಅನುವಾದ ಮಾಡೋರಿಗೆ ಆಸರೆ ಕೊಟ್ಟಿದ್ಲು.

ಅವಳ ಹತ್ರ ಇದ್ದ ಆಂಟನ್ ಫಾನ್ ಫೋರ್ ಅನ್ನೋ ಪಾದ್ರಿ ಎಬರ್‌ಹಾರ್ಡ್‌ಗೋಸ್ಕರ ಒಂದು ಕಥೆ ಪುಸ್ತಕನ ಲ್ಯಾಟಿನ್‌ನಿಂದ ಜರ್ಮನ್‌ಗೆ ಮಾಡ್ದ. ಹೆಸರು 'ಹಳೇ ಜ್ಞಾನಿಗಳ ದೃಷ್ಟಾಂತಗಳ ಪುಸ್ತಕ' ಅನ್ನೋ ಅರ್ಥದ್ದು. ಏನದು ಅಂತ ನೋಡಿದ್ರೆ ನಮ್ಮ ಪಂಚತಂತ್ರ!! ನಮ್ಮಜ್ಜಿ ರಾಗಿ ಕೇರ್ತಾ ಹೇಳ್ತಿದ್ದ ಸಿಂಹ, ಎತ್ತು, ಎರಡು ನರಿ. ಸಂಸ್ಕೃತದಿಂದ ಹಳೇ ಪರ್ಷಿಯಾದ ಪಹ್ಲವಿ, ಅಲ್ಲಿಂದ ಅರಬ್ಬಿ, ಅರಬ್ಬಿಯಿಂದ ಯಹೂದಿಗಳ ಭಾಷೆ ಹೀಬ್ರೂ, ಹೀಬ್ರೂನಿಂದ ಲ್ಯಾಟಿನ್, ಆಮೇಲೆ ಉರಾಖ್‌ನ ಈ ಹುಡುಗನ ಕೈಗೆ. ದಾರಿಯಲ್ಲಿ ಕರಟಕ ದಮನಕ ಹೋಗಿ ಕೆಲಿಲಾ ದಿಮ್ನಾ ಆಗಿದಾರೆ. ನಮ್ಮ ದುರ್ಗಸಿಂಹ ಸುಮಾರು 1031ರಲ್ಲೇ ಇದನ್ನ ಕನ್ನಡದಲ್ಲಿ ಬರ್ದಿದ್ದ, ಅಂದ್ರೆ ಜರ್ಮನ್‌ಗಿಂತ ನಾನೂರು ವರ್ಷಕ್ಕೂ ಮುಂಚೆ, ಹೆಮ್ಮೆ ಆಗದೇ ಇರುತ್ತಾ.

ನಾನು ಡಿಟಿಪಿ ಮಾಡೋನು, ಇಪ್ಪತ್ತು ವರ್ಷದಿಂದ ಮದ್ವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಅಕ್ಷರ ಜೋಡ್ಸೋದೇ ಜೀವ್ನ. ಅದಕ್ಕೆ ಈ ಪುಸ್ತಕದ ಒಂದು ಸಂಗತಿ ತಲೆಗೇ ಹತ್ತಿ ಕೂತಿದೆ. ಅದ್ರ ಭಾಗಗಳ ಮೊದಲಕ್ಷರಗಳನ್ನ ಸಾಲಾಗಿ ಇಟ್ರೆ ಎಬರ್‌ಹಾರ್ಟ್, ವಿರ್ಟೆನ್‌ಬರ್ಗಿನ ಕೌಂಟ್, ಅಂತ ಹಳೇ ಕಾಗುಣಿತದಲ್ಲಿ ಅವನ ಹೆಸರು ಬರುತ್ತೆ, ಕೊನೆಗೆ ಅವನ ಧ್ಯೇಯವಾಕ್ಯ 'ಅಟ್ಟೆಂಪ್ಟೊ'. ಪ್ರಯತ್ನ ಮಾಡ್ತೀನಿ, ಧೈರ್ಯ ಮಾಡ್ತೀನಿ ಅಂತ ಅರ್ಥ. ಹೈಡಲ್‌ಬರ್ಗ್ ಲೈಬ್ರರಿಯವ್ರು ಇದ್ರ ಒಂದು ಕೈಬರಹದ ಪ್ರತಿನ ಸ್ಕ್ಯಾನ್ ಮಾಡಿ ನೆಟ್‌ಗೆ ಹಾಕಿದಾರೆ, ಬಣ್ಣದ ಚಿತ್ರಗಳ ಸಮೇತ. ಭಾಷೆ ಒಂದಕ್ಷರ ಗೊತ್ತಿಲ್ಲ, ಆದ್ರೂ ಝೂಮ್ ಮಾಡಿ ನೋಡ್ತಾ ಕೂರ್ತೀನಿ.

ಒಂದು ಮಾತು ಮುಚ್ಚಿಡೋಕೆ ಮನಸ್ಸು ಒಪ್ತಿಲ್ಲ. ಯೂನಿವರ್ಸಿಟಿ ಶುರುವಾದ ಅದೇ 1477ರಲ್ಲಿ ಇವನು ಟ್ಯೂಬಿಂಗೆನ್‌ನಿಂದ ಯಹೂದಿಗಳನ್ನ ಹೊರಗೆ ಹಾಕ್ದ, ಆಮೇಲೆ ಉಯಿಲಿನಲ್ಲೂ ಸೀಮೆಯಲ್ಲೇ ಅವರು ಇರಬಾರ್ದು ಅಂತ ಬರೆಸ್ದ. ಅವನು ಆಸೆಪಟ್ಟು ಮಾಡಿಸ್ಕೊಂಡ ಪುಸ್ತಕ ಹೀಬ್ರೂ ದಾಟದೇ ಅವನ ಹತ್ರ ಬರ್ತಾನೇ ಇರ್ಲಿಲ್ಲ. ಆ ಕಾಲ ಹಂಗಿತ್ತು ಅಂತ ಸಮಾಧಾನ ಹೇಳೋರಿದಾರೆ, ನನಗೆ ಸಮಾಧಾನ ಆಗ್ಲಿಲ್ಲ. ಮನೆ ಬಿಟ್ಟು ಗಂಟುಮೂಟೆ ಕಟ್ಟಿದವ್ರಿಗೂ ಅದೇ ಕಾಲ ತಾನೇ.

ಮದ್ವೆ ಬಗ್ಗೆ ಹೇಳ್ಲಿಲ್ಲ. 1474ರಲ್ಲಿ ಇಟಲಿಯ ಮಾಂಟುವಾ ಅರಮನೆಯ ಬಾರ್ಬರಾ ಗೊನ್ಜಾಗನ ತಂದ್ಕೊಂಡ, ಉರಾಖ್‌ನಲ್ಲಿ ಸಾವಿರಾರು ಜನಕ್ಕೆ ಊಟ. ಅವಳ ತೌರುಮನೆ ಗೋಡೆ ಮೇಲೆ ಮಾಂಟೇನ್ಯಾ ಅನ್ನೋ ಕಲಾವಿದ ಇಡೀ ಸಂಸಾರದ ಚಿತ್ರ ಬರ್ದಿದಾನೆ, ಅದ್ರಲ್ಲಿ ಇವಳೂ ಇದಾಳೆ. ಮಾರನೇ ವರ್ಷ ಒಂದು ಹೆಣ್ಣು ಮಗು ಆಯ್ತು, ಅದಕ್ಕೂ ಬಾರ್ಬರಾ ಅಂತಾನೇ ಹೆಸರು, ಅದೇ ವರ್ಷ ಹೋಗ್ಬಿಡ್ತು. ಮತ್ತೆ ಮಕ್ಕಳಾಗ್ಲಿಲ್ಲ. 1482ರಲ್ಲಿ ಮ್ಯುನ್ಸಿಂಗೆನ್ ಒಪ್ಪಂದದಲ್ಲಿ ಚಿಕ್ಕಪ್ಪನ ಮಗನ ಜೊತೆ ರಾಜಿಯಾಗಿ ಎರಡು ಪಾಲನ್ನೂ ಒಂದು ಮಾಡ್ದ, ಇನ್ಮೇಲೆ ಪಾಲು ಮಾಡೋ ಹಂಗಿಲ್ಲ ಅಂತ ಬರ್ಕೊಂಡ್ರು. ಅಪ್ಪ ಚಿಕ್ಕಪ್ಪ ಹರಿದಿದ್ದನ್ನ ಹೊಲಿದ. 1495ರಲ್ಲಿ ಕೌಂಟ್‌ಗಿಂತ ಮೇಲಿನ ಡ್ಯೂಕ್ ಪದವಿ ಸಿಕ್ತು, 1496ರ ಫೆಬ್ರವರಿಗೆ ತೀರ್ಕೊಂಡ. ಐವತ್ತು ವರ್ಷ ಅಷ್ಟೇ.

ಅವನ ಸಮಾಧಿ ಟ್ಯೂಬಿಂಗೆನ್ ಚರ್ಚಲ್ಲಿದೆ, ಹುಡುಗ ಫೋಟೋ ಕಳ್ಸಿದ. ಬಾರ್ಬರಾ 1503ರವರೆಗೂ ಒಬ್ಬಳೇ ಇದ್ಲು, ಕಿರ್ಖ್‌ಹೈಮ್ ಅನ್ನೋ ಊರಿನ ಮಠದಲ್ಲಿ ಮಣ್ಣು ಮಾಡಿದ್ರು, ಈಗ ಅವಳ ಸಮಾಧಿ ಉಳಿದಿಲ್ಲ. ಅಷ್ಟು ದೂರದಿಂದ ಸೊಸೆಯಾಗಿ ಬಂದವಳು. ರಜಾ ಸಿಕ್ಕಾಗ ಆ ಊರಿಗೂ ಒಂದು ಸಲ ಹೋಗಿ ಬಾರೋ ಅಂತ ಹುಡುಗನಿಗೆ ಹೇಳಿದೀನಿ, ಟಿಕೆಟ್ ದುಡ್ಡು ನಾನು ಹಾಕ್ತೀನಿ.