ಜಿಲ್ಲೆಗೆ ಹಳದಿ ಎಚ್ಚರಿಕೆ, ಕಾಕಾನ ಶೆಡ್ಡಿಗೆ?

ಈ ವಾರ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಗೆ ಹವಾಮಾನ ಇಲಾಖೆಯಿಂದ ಬಂದ ಹಳದಿ ಎಚ್ಚರಿಕೆಯಲ್ಲಿ ಇದ್ದದ್ದು ಇಷ್ಟೇ: ಸಂಜೆ ಒಂದೆರಡು ಕಡೆ ಗುಡುಗು, ಆಲಿಕಲ್ಲು, ಗಂಟೆಗೆ 40ರಿಂದ 50 ಕಿಲೋಮೀಟರ್ ವೇಗದ ಗಾಳಿ. ಜತ್ತ ತಾಲೂಕಿನ ನಮ್ಮ ಊರಿನಲ್ಲಿ ಒಣದ್ರಾಕ್ಷಿಯ ಶೆಡ್ ನಡೆಸುವ ಕಾಕಾನಿಗೆ ಅದನ್ನು ಓದಿ ಹೇಳಿದೆ. ಅವರು ಕೇಳಿದ ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ. “ಆ ಒಂದೆರಡ ಕಡಿ ಯಾವು ಅಂತ ಗೊತ್ತಿದ್ರ ಹೇಳಬೇಕಪ್ಪಾ, ಗೊತ್ತಿಲ್ಲಂದ್ರ ಇಡೀ ಜಿಲ್ಲಾಕ್ಕ ಯಾಕ ಹೆದರಸಬೇಕು?”

ಕಾಕಾ ಸುಮ್ಮನೆ ರೇಗುವ ಮನುಷ್ಯರಲ್ಲ. ಔಷಧದಲ್ಲಿ ಅದ್ದಿದ ದ್ರಾಕ್ಷಿ ಜಾಳಿಗೆಯ ಮೇಲೆ ಸುಮಾರು ಹದಿನೈದು ದಿನ ಒಣಗಬೇಕು. ನಡುವೆ ಮಳೆಯ ಎರಚಲು ತಗುಲಿದರೆ ಬಣ್ಣ ಕೆಟ್ಟು, ತಾಸಗಾಂವದ ಹರಾಜಿನಲ್ಲಿ ದರ ಬೀಳುತ್ತದೆ. ಶೆಡ್ಡಿನ ನಾಲ್ಕೂ ಬದಿಗೆ ತಾಡಪತ್ರಿ ಇಳಿಸಿ ಕಟ್ಟಲು ಆಳುಗಳು ಬೇಕು, ಆಳುಗಳು ಐದಕ್ಕೆ ಮನೆಗೆ ಹೊರಡುತ್ತಾರೆ, ಮೋಡ ಬರುವುದೂ ಅದೇ ಹೊತ್ತಿಗೆ.

ದಿನವಿಡೀ ಕಾದ ನೆಲದ ಬಿಸಿ ಗಾಳಿ ಮೇಲೇಳುವುದರಿಂದಲೇ ಈ ಮೋಡಗಳು ಸಂಜೆಗೆ ಬಲಿಯುತ್ತವೆ. ಆ ಮೇಲೇಳುವ ಗಾಳಿ ನೀರ ಹನಿಗಳನ್ನು ನಾಲ್ಕೈದು ಕಿಲೋಮೀಟರ್ ಎತ್ತರದ ಹೆಪ್ಪುಗಟ್ಟುವ ಮಟ್ಟಕ್ಕಿಂತ ಮೇಲೆ ಒಯ್ದಾಗ ಆಲಿಕಲ್ಲು ಬೆಳೆಯುತ್ತದೆ. ಮೋಡದ ಕೆಳಗಿನ ಒಣ ಗಾಳಿಯಲ್ಲಿ ಒಂದಷ್ಟು ಹನಿಗಳು ಆವಿಯಾಗಿ, ತಣ್ಣಗಾದ ಗಾಳಿ ಭಾರವಾಗಿ ಕುಸಿದು ನೆಲದ ಮೇಲೆ ಹರಡುವುದರಿಂದ, ಮಳೆಗಿಂತ ಮೊದಲೇ ಧೂಳು ಏಳುತ್ತದೆ. ತೇವ ಎಷ್ಟಿದೆ, ಮೇಲಿನ ಗಾಳಿ ಎಷ್ಟು ತಣ್ಣಗಿದೆ ಎಂಬುದು ಹಿಂದಿನ ದಿನವೇ ತಿಳಿಯುತ್ತದೆ. ಯಾವ ಊರಿನ ಮೇಲೆ ಮೋಡ ಕಟ್ಟುತ್ತದೆ ಎಂಬುದು ತಿಳಿಯುವುದಿಲ್ಲ. ಕೆಲವೇ ಕಿಲೋಮೀಟರ್ ಅಗಲದ ಮೋಡ ಒಂದು ಗಂಟೆಯೊಳಗೆ ಹುಟ್ಟಿ ಸುರಿದು ಮುಗಿಯಬಲ್ಲದು.

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಒಂದೆರಡು ಕಡೆ ಎಂದರೆ ಮಳೆ ಅಳೆಯುವ ಕೇಂದ್ರಗಳಲ್ಲಿ ಹೆಚ್ಚೆಂದರೆ ಶೇಕಡಾ 25. ಮುನ್ಸೂಚನೆ ಅಕ್ಷರಶಃ ನಿಜವಾದ ದಿನವೂ ಮುಕ್ಕಾಲು ಪಾಲು ಊರುಗಳು ಅದನ್ನು ಸುಳ್ಳೆಂದೇ ಹೇಳುತ್ತವೆ. ಕಾಕಾನ ಪ್ರಶ್ನೆಗೆ ಉತ್ತರ ಸಿಗುವುದು ಮೋಡ ಹುಟ್ಟಿದ ಮೇಲೆ, ರಾಡಾರ್ ಅದನ್ನು ಕಂಡ ಮೇಲೆ ಬರುವ ಮೂರು ಗಂಟೆಯ ಮುನ್ಸೂಚನೆಯಲ್ಲಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಕೂಡ ನಾವಿರುವ ಜಾಗದಿಂದ 20 ಮತ್ತು 40 ಕಿಲೋಮೀಟರ್ ದೂರದೊಳಗಿನ ಸಿಡಿಲನ್ನು ತೋರಿಸುತ್ತದೆ.

ಅಂದು ನಾಲ್ಕರ ನಂತರ ಅಂಥ ಸಂದೇಶ ಬಂತು. ಕಾಕಾ ಗೊಣಗುತ್ತಲೇ ಆಳುಗಳನ್ನು ನಿಲ್ಲಿಸಿಕೊಂಡು ತಾಡಪತ್ರಿ ಕಟ್ಟಿಸಿದರು. ಆಲಿಕಲ್ಲು ಬಿದ್ದದ್ದು ಪಕ್ಕದ ಊರಿನಲ್ಲಿ. ನಮ್ಮಲ್ಲಿ ಗಾಳಿ, ಧೂಳು, ನಾಲ್ಕು ಹನಿ. ಮಾಲು ಮಾರಿ ನಿಶ್ಚಿಂತರಾಗಿರುವ ನೆರೆಯವರೊಬ್ಬರು ಮರುದಿನ ಕಟ್ಟೆಯ ಮೇಲೆ ಕುಳಿತು ನಕ್ಕರು. ಕಳೆದುಕೊಳ್ಳಲು ಏನೂ ಉಳಿಯದವರ ಆ ನಗು ನನಗೆ ಹಿಡಿಸುವುದಿಲ್ಲ. 2014ರ ಫೆಬ್ರುವರಿ, ಮಾರ್ಚಿನಲ್ಲಿ ಮಹಾರಾಷ್ಟ್ರದ ತೋಟಗಳನ್ನು ಹೊಡೆದುಹಾಕಿದ ಆಲಿಕಲ್ಲನ್ನು ಅವರೂ ಮರೆತಿರಲಾರರು.

ಹಳದಿ ಎಚ್ಚರಿಕೆ ಇರುವ ದಿನ ಇಬ್ಬರು ಆಳುಗಳು ಏಳರವರೆಗೆ ಇರಲಿ, ಅರ್ಧ ಕೂಲಿ ಹೆಚ್ಚಿಗೆ ಕೊಡೋಣ ಎಂದು ಈಗ ಕಾಕಾನ ಮಗ ಹೇಳುತ್ತಿದ್ದಾನೆ. ಕಾಕಾ ಒಪ್ಪಿದ್ದಾರೆ, ಆದರೆ ಆ ಹಣವನ್ನು ನಷ್ಟವೆಂದೇ ಬರೆಯುವುದಾಗಿ ಹಠ ಹಿಡಿದಿದ್ದಾರೆ. ಔಷಧದ ಖರ್ಚಿನ ಪಕ್ಕದಲ್ಲೇ ಅದನ್ನೂ ಬರೆಯಬೇಕೆಂಬುದು ಮಗನ ವಾದ, ನನ್ನದೂ ಅದೇ.